ಬೆಳಗ್ಗೆ ಹೋಗಿ ಸಂಜೆ ಮರಳುವ ಕಾಡುನಡಿಗೆ: ಮೊದಲ ಸಲದವರಿಗೆ ಮಾರ್ಗದರ್ಶಿ

ವಾರವಿಡೀ ಪರದೆ, ಲಿಫ್ಟು, ಸಿಗ್ನಲ್ಲುಗಳ ನಡುವೆ ಕಳೆದವರಿಗೆ ಒಂದು ಹಗಲು ಕಾಡಿನಲ್ಲಿ ನಡೆದು ಬರುವ ಆಸೆ ಹುಟ್ಟುವುದು ಸಹಜ. ಆ ಆಸೆ ಕೆಡುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಕೆಲವರು ಏನೂ ಯೋಚಿಸದೆ ಹೊರಟು, ಅರ್ಧ ದಾರಿಯಲ್ಲಿ ನೀರು ಮುಗಿದು, ಕತ್ತಲಾಗಿ ಫಜೀತಿಪಡುತ್ತಾರೆ. ಇನ್ನು ಕೆಲವರು ಕಚೇರಿಯ ಅವಸರವನ್ನೇ ಬೆನ್ನುಚೀಲಕ್ಕೆ ತುಂಬಿಕೊಂಡು ಹೋಗಿ, ಇಷ್ಟು ಕಿಲೋಮೀಟರು, ಇಷ್ಟು ಹೆಜ್ಜೆ, ಇಷ್ಟು ಫೋಟೋ ಎಂದು ಲೆಕ್ಕ ಒಪ್ಪಿಸಿ, ಹೋಗುವಾಗಿನದಕ್ಕಿಂತ ಹೆಚ್ಚು ದಣಿದು ಬರುತ್ತಾರೆ. ಲೆಕ್ಕವೆಲ್ಲ ಮನೆಯಲ್ಲೇ ಮುಗಿಯಬೇಕು, ಕಾಡಿನಲ್ಲಿ ಬರೀ ನಡೆಯಬೇಕು. ಮುಂದಿನ ಸೂಚನೆಗಳೆಲ್ಲ ಇದಕ್ಕಾಗಿಯೇ.

ಒಂದು ವಾರ ಮೊದಲು: ಜಾಗ, ದಾರಿ, ದಿನ

ಸಂರಕ್ಷಿತ ಅರಣ್ಯ ಎಂದಾಕ್ಷಣ ಅದರ ಮೂಲೆಮೂಲೆಯೂ ನಮ್ಮ ಕಾಲಿಗೆ ತೆರೆದಿದೆ ಎಂದು ತಿಳಿಯಬಾರದು. ಯುನೆಸ್ಕೋ 1971ರಲ್ಲಿ ಆರಂಭಿಸಿದ ‘ಮಾನವ ಮತ್ತು ಜೀವಗೋಳ’ ಕಾರ್ಯಕ್ರಮದಡಿ ಬರುವ ಮೀಸಲು ಪ್ರದೇಶಗಳನ್ನು ಮೂರು ವಲಯಗಳಾಗಿ ವಿಂಗಡಿಸುತ್ತಾರೆ: ಪ್ರಾಣಿ, ಸಸ್ಯಗಳಿಗೇ ಬಿಟ್ಟುಕೊಟ್ಟ ನಡುಭಾಗ, ಅದನ್ನು ಸುತ್ತುವರಿದ ಅಂಚಿನ ವಲಯ, ಅದರಾಚೆ ಜನ ಬದುಕಿ ಬೇಸಾಯ ಮಾಡುವ ವಲಯ. ಇತರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲೂ ಹೆಸರು ಬೇರೆಯಾದರೂ ಇಂಥದೇ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ನಡೆಯಲು ಗುರುತು ಹಾಕಿದ ದಾರಿಗಳು ಹೆಚ್ಚಾಗಿ ಹೊರಭಾಗದಲ್ಲೇ ಸಿಗುತ್ತವೆ. ಆದ್ದರಿಂದ ಮೊದಲ ಕೆಲಸವೆಂದರೆ ಆ ಅರಣ್ಯದ ಅಧಿಕೃತ ಜಾಲತಾಣ ನೋಡುವುದು ಅಥವಾ ಕಚೇರಿಗೆ ಕರೆ ಮಾಡಿ ವಿಚಾರಿಸುವುದು. ಯಾವ ದಾರಿ ತೆರೆದಿದೆ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಯಾವಾಗ ಹಾಕುತ್ತಾರೆ, ಮುಂಗಡ ಅನುಮತಿ ಬೇಕೇ, ಮಾರ್ಗದರ್ಶಕರು ಜೊತೆಗಿರಲೇಬೇಕೇ, ನಾಯಿ ಕರೆದೊಯ್ಯಬಹುದೇ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಯಾರೋ ಹಾಕಿದ ವಿಡಿಯೋ ನೋಡಿ ಹೊರಡಬೇಡಿ. ಆ ದಾರಿಯನ್ನು ಆಮೇಲೆ ಮುಚ್ಚಿರಬಹುದು, ಇಲ್ಲವೇ ಆ ಪುಣ್ಯಾತ್ಮ ಅನುಮತಿಯಿಲ್ಲದೆಯೇ ನುಗ್ಗಿರಬಹುದು.

ದಾರಿಗಳಲ್ಲಿ ಎರಡು ಬಗೆ. ಒಂದು, ಹೊರಟ ಜಾಗಕ್ಕೇ ಸುತ್ತಿ ಬರುವ ವೃತ್ತದ ದಾರಿ. ಇನ್ನೊಂದು, ಹೋದ ದಾರಿಯಲ್ಲೇ ಹಿಂದಿರುಗುವುದು. ಮೊದಲನೆಯದು ಹೆಚ್ಚು ಆಕರ್ಷಕ, ಕಂಡದ್ದನ್ನೇ ಮತ್ತೆ ಕಾಣುವ ಗೊಡವೆಯಿಲ್ಲ. ಆದರೂ ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ. ಕಾಲು ನೋಯಲಿ, ಮೋಡ ಕವಿಯಲಿ, ಸುಮ್ಮನೆ ಸಾಕೆನಿಸಲಿ, ಯಾವ ಘಳಿಗೆಯಲ್ಲಾದರೂ ತಿರುಗಿಬಿಡಬಹುದು. ವೃತ್ತದ ದಾರಿಯಲ್ಲಿ ಅರ್ಧ ದಾಟಿದಿರೋ, ಮುಂದೆ ಹೋಗುವುದೇ ಹತ್ತಿರವಾಗಿಬಿಡುತ್ತದೆ. ಹೋದ ದಾರಿಯಲ್ಲೇ ಬರುವುದು ಬೇಸರ ಎಂಬ ಮಾತೂ ಅಷ್ಟು ನಿಜವಲ್ಲ. ಬೆಳಗಿನಲ್ಲಿ ನೆರಳಿದ್ದ ಇಳಿಜಾರಿಗೆ ಮಧ್ಯಾಹ್ನ ಬಿಸಿಲು ಬಿದ್ದಿರುತ್ತದೆ, ಬೆನ್ನಿಗಿದ್ದ ಬೆಟ್ಟ ಈಗ ಎದುರಿಗಿರುತ್ತದೆ.

ಪ್ರಯಾಣಕ್ಕೇ ಹೋಗುತ್ತಾ ಎರಡು ಗಂಟೆ, ಬರುತ್ತಾ ಎರಡು ಗಂಟೆಗಿಂತ ಹೆಚ್ಚು ಬೇಕಾಗುವ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ. ಹತ್ತಿರದ ಸಾಧಾರಣ ಕಾಡು ದೂರದ ಪ್ರಸಿದ್ಧ ಕಾಡಿಗಿಂತ ಮೇಲು. ದಿನದ ಆಯ್ಕೆಗೂ ಒಂದು ಮಾತು: ಮರುದಿನವೂ ರಜೆ ಇರುವಂತೆ ನೋಡಿಕೊಳ್ಳಿ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಎರಡು ದಿನ ಮೊದಲು: ನಕ್ಷೆಯ ಮುಂದೆ ಅರ್ಧ ಗಂಟೆ

ಇಡೀ ತಯಾರಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಎಂಟು ಕಿಲೋಮೀಟರು ಎಂದರೆ ರಸ್ತೆಯಲ್ಲಿ ಒಂದು ಲೆಕ್ಕ, ಏರುದಾರಿಯಲ್ಲಿ ಇನ್ನೊಂದು. ಇದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಏರಿಕೆ ಎಷ್ಟೆಂದು ತಿಳಿಯಲು ನಕ್ಷೆಯಲ್ಲಿರುವ ಸಮೋನ್ನತಿ ರೇಖೆಗಳನ್ನು ನೋಡಬೇಕು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸುವ ಗೆರೆಗಳು ಅವು. ಎರಡು ಗೆರೆಗಳ ನಡುವಿನ ಎತ್ತರ ಎಷ್ಟೆಂದು ನಕ್ಷೆಯ ಅಂಚಿನಲ್ಲಿ ಬರೆದಿರುತ್ತದೆ. ನಿಮ್ಮ ದಾರಿ ಮೇಲೇರುತ್ತಾ ಎಷ್ಟು ಗೆರೆ ದಾಟುತ್ತದೆಂದು ಎಣಿಸಿ ಗುಣಿಸಿದರೆ ಏರಿಕೆ ಸಿಗುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ದಾರಿ, ದೂರದೂರ ಇದ್ದರೆ ಸಲೀಸು. ನಡುವೆ ಇಳಿದು ಮತ್ತೆ ಏರುವ ಕಡೆ, ಆ ಎರಡನೆಯ ಏರನ್ನೂ ಕೂಡಿಸಬೇಕು. ಮೊಬೈಲ್ ನಕ್ಷೆಯ ಆ್ಯಪ್‌ಗಳು ಈ ಲೆಕ್ಕ ತಾವೇ ಮಾಡಿಕೊಡುತ್ತವೆ, ಆದರೂ ಒಮ್ಮೆ ಕೈಯಾರೆ ಎಣಿಸಿ ನೋಡಿ, ದಾರಿಯ ಆಕಾರ ತಲೆಯಲ್ಲಿ ಕೂರುತ್ತದೆ.

ಹೋಗಿಬರಲು ಒಟ್ಟು 12 ಕಿಲೋಮೀಟರ್ ದೂರ, 600 ಮೀಟರ್ ಏರಿಕೆ ಎಂದಿಟ್ಟುಕೊಳ್ಳಿ. ದೂರಕ್ಕೆ 2 ಗಂಟೆ 24 ನಿಮಿಷ, ಏರಿಕೆಗೆ 1 ಗಂಟೆ, ಒಟ್ಟು 3 ಗಂಟೆ 24 ನಿಮಿಷ. ಆದರೆ ನೈಸ್ಮಿತ್ ಗಟ್ಟಿಮುಟ್ಟಾದ ಚಾರಣಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು, ಅದರಲ್ಲಿ ವಿಶ್ರಾಂತಿಯ ಸಮಯವೂ ಸೇರಿಲ್ಲ. ಕುರ್ಚಿಯಲ್ಲಿ ಕುಳಿತು ದುಡಿಯುವ ನಮ್ಮಂಥವರು ಅದಕ್ಕೆ ಅರ್ಧದಷ್ಟು ಸೇರಿಸಬೇಕು. ಅಲ್ಲಿಗೆ ಐದು ಗಂಟೆ ದಾಟಿತು. ಊಟಕ್ಕೆ, ಸುಮ್ಮನೆ ಕೂರುವುದಕ್ಕೆ ಒಂದು ಗಂಟೆ. ಒಟ್ಟು ಆರು ಗಂಟೆ ಚಿಲ್ಲರೆ.

ಇನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಸಂಜೆ ಆರೂವರೆಗೆ ಹೊತ್ತು ಮುಳುಗುವುದಾದರೆ ನಾಲ್ಕೂವರೆಗೆ ಕಾಡಿನಿಂದ ಹೊರಬಿದ್ದಿರಬೇಕು. ದಟ್ಟ ಮರಗಳಡಿ, ಕಣಿವೆಯೊಳಗೆ ಹೊರಗಿಗಿಂತ ಮೊದಲೇ ಕತ್ತಲು ಕವಿಯುತ್ತದೆ, ಅದಕ್ಕೇ ಆ ಎರಡು ಗಂಟೆಯ ಅಂತರ. ಹಾಗಾದರೆ ಹತ್ತಕ್ಕೆ ಹೊರಟರೂ ಆದೀತಲ್ಲ? ಆದೀತು, ಎಲ್ಲವೂ ಎಣಿಸಿದಂತೆಯೇ ನಡೆದರೆ. ಎಂಟಕ್ಕೆ ಹೊರಡಿ. ಜೊತೆಗೆ ‘ತಿರುಗುವ ಸಮಯ’ ಒಂದನ್ನು ನಿಗದಿ ಮಾಡಿ. ಈ ಉದಾಹರಣೆಯಲ್ಲಿ ಅದು ಮಧ್ಯಾಹ್ನ ಹನ್ನೆರಡು. ಹನ್ನೆರಡು ಹೊಡೆಯುವಾಗ ಎಲ್ಲಿದ್ದರೆ ಅಲ್ಲಿಂದ ಹಿಂದಕ್ಕೆ. ಶಿಖರ ಕಣ್ಣೆದುರೇ ಇರಲಿ, ಜಲಪಾತದ ಸದ್ದು ಕಿವಿಗೆ ಬೀಳುತ್ತಿರಲಿ, ಮಾತಿಲ್ಲ. ‘ಇನ್ನೇನು ಇಷ್ಟು ದೂರ’ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಅವರೊಡನೆ ಮೇಲೆ ನಿಂತು ವಾದಿಸುವುದಕ್ಕಿಂತ ಹೊರಡುವ ಮೊದಲೇ ಎಲ್ಲರೆದುರು ಒಪ್ಪಿಕೊಂಡಿರುವುದು ಒಳ್ಳೆಯದು. ಈ ಒಂದು ಕಟ್ಟುಪಾಡು ಇದ್ದರೆ ಉಳಿದ ಹೊತ್ತು ಗಡಿಯಾರವನ್ನು ಮರೆತೇ ಇರಬಹುದು.

ನಕ್ಷೆಯನ್ನು ಮೊಬೈಲಿಗೆ ಇಳಿಸಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಉಪಗ್ರಹಗಳಿಂದ ಸಂಕೇತ ಪಡೆಯಲು ಮೊಬೈಲ್ ಗೋಪುರ ಬೇಕಿಲ್ಲ. ನಕ್ಷೆಯ ಚಿತ್ರ ಮಾತ್ರ ಮೊದಲೇ ಫೋನಿನಲ್ಲಿರಬೇಕು. ಕಾಗದದ ಪ್ರತಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಲದಲ್ಲಿಡಿ.

ಹವಾಮಾನ ಮುನ್ಸೂಚನೆ ನೋಡುವಾಗ ನಗರದ್ದನ್ನಲ್ಲ, ಹೋಗುವ ಜಾಗದ್ದನ್ನು ನೋಡಬೇಕು. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗುತ್ತದೆ, ಗಾಳಿ ಬೀಸಿದರೆ ಮೈಗೆ ಇನ್ನೂ ಹೆಚ್ಚು ಚಳಿ. ಗುಡುಗಿನ ಮುನ್ಸೂಚನೆ ಇದ್ದರೆ ಮುಂದಕ್ಕೆ ಹಾಕಿ, ಅಷ್ಟೆ.

ಹಿಂದಿನ ರಾತ್ರಿ: ಚೀಲ

ಮೊದಲು ಕಾಲು. ಹೊಸ ಶೂ ಕೊಂಡು ಮರುದಿನವೇ ಕಾಡಿಗೆ ಹೋಗಬಾರದು. ಹಿಡಿತವಿರುವ ಅಡಿಯ, ಈಗಾಗಲೇ ಕಾಲಿಗೆ ಹೊಂದಿಕೊಂಡಿರುವ ಶೂ ಇರಲಿ. ಹಗಲಿನ ನಡಿಗೆಗೆ ದುಬಾರಿ ಬೂಟು ಬೇಕಾಗಿಲ್ಲ. ಕಾಲುಚೀಲ ಮಾತ್ರ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಗುಳ್ಳೆ ಏಳುತ್ತದೆ. ಉಣ್ಣೆಯದೋ ಸಿಂಥೆಟಿಕ್ ನೂಲಿನದೋ ವಾಸಿ. ಅಂಗಿಗೂ ಇದೇ ಮಾತು, ಚಳಿಯ ಜಾಗವಾದರಂತೂ ಖಂಡಿತ. ಕಾಲಿನ ಉಗುರು ಕತ್ತರಿಸಿ ಮಲಗಿ. ಉದ್ದ ಉಗುರು ಇಳಿಜಾರಿನಲ್ಲಿ ಶೂವಿನ ಮುಂಭಾಗಕ್ಕೆ ಕುಟ್ಟಿ ಕುಟ್ಟಿ ಕಪ್ಪಾಗುತ್ತದೆ.

ನೀರು ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ, ಸೆಕೆಯಿದ್ದರೆ ಅದಕ್ಕಿಂತ ಹೆಚ್ಚು. ಆರು ಗಂಟೆಗೆ ಮೂರು ಲೀಟರ್, ಅಂದರೆ ಮೂರು ಕಿಲೋ. ಭಾರ ಎಂದು ಕಡಿಮೆ ಮಾಡಬೇಡಿ, ಕುಡಿದಂತೆ ಹಗುರಾಗುವ ಸಾಮಾನು ಅದೊಂದೇ. ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಹೊಟ್ಟೆ ಕೆಡಿಸುವ ಜೀವಿಗಳು ಅದರಲ್ಲಿರಬಹುದು. ಕುಡಿಯಲೇಬೇಕಾದರೆ ಕುದಿಸಿ ಅಥವಾ ಸೋಸುಕ ಬಳಸಿ. ತಿನ್ನಲು ಕೈಯಲ್ಲಿ ಹಿಡಿದು ನಡೆಯುತ್ತಲೇ ಬಾಯಿಗೆ ಹಾಕಿಕೊಳ್ಳುವಂಥದ್ದು ಒಂದಿಷ್ಟು, ಕೂತು ತಿನ್ನುವಂಥದ್ದು ಒಂದಿಷ್ಟು. ಸ್ವಲ್ಪ ಉಪ್ಪಿರುವ ತಿಂಡಿಯೂ ಇರಲಿ, ಬೆವರಿನಲ್ಲಿ ಹೋಗುವುದು ಬರೀ ನೀರಲ್ಲ.

ಉಳಿದವು: ಮಳೆಯಂಗಿ, ಬೆಚ್ಚನೆಯ ಒಂದು ಮೇಲಂಗಿ, ಟೋಪಿ, ಪ್ಲಾಸ್ಟರು, ಚರ್ಮಕ್ಕೆ ಅಂಟಿಸುವ ಟೇಪು, ಚಿಮುಟ, ನಿಮ್ಮ ನಿತ್ಯದ ಔಷಧಿ, ಕಸಕ್ಕೊಂದು ಚೀಲ, ಸೀಟಿ, ಟಾರ್ಚು. ಹಗಲಲ್ಲೇ ಮರಳುವವರಿಗೆ ಟಾರ್ಚು ಯಾಕೆ ಎಂದು ಕೇಳುವವರಿಗೇ ಅದು ಹೆಚ್ಚು ಬೇಕಾಗುವುದು. ಮೊಬೈಲಿನ ಬೆಳಕು ಎಣಿಕೆಗಿಲ್ಲ, ದಾರಿ ತಪ್ಪಿದಾಗ ಅದರ ಬ್ಯಾಟರಿ ಕರೆಗೆ ಬೇಕು.

ಮಲಗುವ ಮೊದಲು ಮನೆಯಲ್ಲಿ ಉಳಿಯುವ ಒಬ್ಬರಿಗೆ ಸಂದೇಶ ಕಳುಹಿಸಿ: ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಬರುತ್ತೇವೆ, ಎಷ್ಟು ಹೊತ್ತಾದರೂ ಸುದ್ದಿಯಿಲ್ಲದಿದ್ದರೆ ಯಾರಿಗೆ ಕರೆ ಮಾಡಬೇಕು. ‘ಎಲ್ಲೋ ಕಾಡಿಗೆ ಹೋಗಿದ್ದಾನೆ’ ಎಂಬ ಮಾಹಿತಿಯಿಂದ ಹುಡುಕುವವರಿಗೆ ಏನೂ ಉಪಯೋಗವಿಲ್ಲ.

ದಾರಿಯಲ್ಲಿ

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ನಡೆಯಿರಿ. ನಗರದ ಕಾಲುಗಳಿಗೆ ಬಸ್ಸು ಹಿಡಿಯುವ ಅಭ್ಯಾಸ, ಬಿಟ್ಟರೆ ಓಡುತ್ತವೆ. ಉಸಿರಿಗೆ ತೊಡಕಾಗದೆ ಪೂರ್ತಿ ವಾಕ್ಯ ಮಾತನಾಡಲು ಆಗುವ ವೇಗವೇ ಸರಿಯಾದ ವೇಗ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಲಯ ಬದಲಿಸಬೇಡಿ. ಗುಂಪಿನ ವೇಗ ನಿರ್ಧಾರವಾಗಬೇಕಾದ್ದು ಎಲ್ಲರಿಗಿಂತ ನಿಧಾನದವರಿಂದ, ಅವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಮುಂದಿನವರು ನಿಂತು ದಣಿವಾರಿಸಿಕೊಂಡು, ಇವರು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ‘ಹೊರಡೋಣವೇ’ ಎಂದು ಎದ್ದು ನಿಲ್ಲುತ್ತಾರೆ. ಪಾಪ, ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಅರ್ಧ ಗಂಟೆಯ ಹೊತ್ತಿಗೆ ಒಮ್ಮೆ ನಿಂತು ಶೂ ಸರಿಮಾಡಿಕೊಳ್ಳಿ. ಹಿಮ್ಮಡಿಯಲ್ಲೋ ಕಿರುಬೆರಳಿನ ಪಕ್ಕದಲ್ಲೋ ಬೆಚ್ಚಗೆ ಉಜ್ಜಿದಂತೆ ಅನಿಸುತ್ತಿದ್ದರೆ ಅದೇ ಗುಳ್ಳೆಯ ಮುನ್ಸೂಚನೆ. ‘ಮುಂದಿನ ತಿರುವಿನಲ್ಲಿ ನೋಡೋಣ’ ಎಂದರೆ ತಡವಾಯಿತು. ಅಲ್ಲೇ ಕುಳಿತು ಶೂ ಬಿಚ್ಚಿ, ಕಾಲುಚೀಲ ಕಳಚಿ, ಚರ್ಮ ಒರೆಸಿ ಗಾಳಿಗೆ ಒಣಗಲು ಬಿಡಿ. ಕೆಂಪಾದ ಜಾಗಕ್ಕಿಂತ ಎಲ್ಲ ಕಡೆ ಒಂದು ಬೆರಳಗಲ ದೊಡ್ಡದಾಗಿ ಟೇಪು ಕತ್ತರಿಸಿ, ಅದರ ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ. ಸುಕ್ಕು ಬಾರದಂತೆ ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದರೆ ಮೈಬಿಸಿಗೆ ಅಂಟು ಗಟ್ಟಿಯಾಗುತ್ತದೆ. ಕಾಲುಚೀಲ ಮತ್ತೆ ಹಾಕುವಾಗ ಒಳಗೆ ಸೇರಿದ ಮರಳಿನ ಕಣ ಕೊಡವಿ. ಐದು ನಿಮಿಷದ ಕೆಲಸ, ಮೂರು ದಿನದ ಕುಂಟು ತಪ್ಪುತ್ತದೆ. ಗುಳ್ಳೆ ಎದ್ದೇಬಿಟ್ಟಿದ್ದರೆ ಒಡೆಯಬೇಡಿ, ಸುತ್ತ ಮೆತ್ತೆ ಇಟ್ಟು ಒತ್ತಡ ತಪ್ಪಿಸಿ.

ದಾರಿ ಬಿಟ್ಟು ನಡೆಯಬಾರದೆಂಬ ನಿಯಮ ಕೆಸರಿನಲ್ಲೂ ಅನ್ವಯ. ಶೂ ಕೊಳೆಯಾದೀತೆಂದು ಎಲ್ಲರೂ ಪಕ್ಕದ ಹುಲ್ಲಿನ ಮೇಲೆ ಸುತ್ತಿ ಹೋದರೆ ಕಾಲುದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಗಿಡ ಸಾಯುತ್ತದೆ, ಮಳೆನೀರು ಮಣ್ಣು ಕೊಚ್ಚುತ್ತದೆ. ಕೆಸರಿನ ನಡುವೆಯೇ ನಡೆಯಿರಿ. ಇಕ್ಕಟ್ಟಾದ ಕಡೆ ಮೇಲೇರುವವರಿಗೆ ದಾರಿ ಬಿಡುವುದು ರೂಢಿ. ಹಣ್ಣಿನ ಸಿಪ್ಪೆ ಗೊಬ್ಬರವಾಗುತ್ತದೆ ಎಂದು ಎಸೆಯಬೇಡಿ, ಕೊಳೆಯಲು ತಿಂಗಳುಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಪ್ರಾಣಿಗಳು ದಾರಿಯ ಪಕ್ಕ ಕಾಯುವುದನ್ನು ಕಲಿಯುತ್ತವೆ. ಮಲವಿಸರ್ಜನೆ ಅನಿವಾರ್ಯವಾದರೆ ನೀರಿನಿಂದ, ದಾರಿಯಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ಜೋರು ಹಾಡು ಹಾಕಿಕೊಂಡು ನಡೆಯುವವರ ಬಗ್ಗೆ ಏನೂ ಬರೆಯುವುದಿಲ್ಲ, ಅವರು ಇಷ್ಟು ಉದ್ದದ ಲೇಖನ ಓದುವುದೂ ಇಲ್ಲ.

ಕೂರುವುದು

ಇದನ್ನು ಪ್ರತ್ಯೇಕ ಹಂತವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಬಿಟ್ಟುಹೋಗುವುದು ಇದೇ. ಬೆಳಗಿನ ಭಾಗದಲ್ಲೇ, ದಣಿಯುವ ಮೊದಲು, ದಾರಿಯಿಂದ ಒಂದೆರಡು ಹೆಜ್ಜೆ ಸರಿದು ಬಂಡೆಯೋ ಬಿದ್ದ ಮರವೋ ನೋಡಿ ಕುಳಿತುಕೊಳ್ಳಿ. ಕೂರುವ ಮೊದಲು ಅದರಡಿ, ಸುತ್ತ ಕೋಲಿನಿಂದ ತಟ್ಟಿ ನೋಡಿ, ಹಾವು, ಇರುವೆ, ಚೇಳುಗಳಿಗೂ ಆ ಜಾಗ ಇಷ್ಟ. ಮೊಬೈಲನ್ನು ಏರ್‌ಪ್ಲೇನ್ ಸ್ಥಿತಿಗೆ ಹಾಕಿ ಚೀಲದೊಳಗೆ ತಳ್ಳಿ. ನೆಟ್‌ವರ್ಕ್ ದುರ್ಬಲ ಇರುವೆಡೆ ಅದು ಸಂಕೇತ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ, ಹಾಗಾಗಿ ಇದು ವೈರಾಗ್ಯಕ್ಕಷ್ಟೇ ಅಲ್ಲ, ಉಳಿತಾಯಕ್ಕೂ ಒಳ್ಳೆಯದು.

ಮೊದಲ ಕೆಲವು ನಿಮಿಷ ಏನೂ ನಡೆಯುವುದಿಲ್ಲ. ನಾವು ಬಂದ ಸದ್ದಿಗೆ ಹಕ್ಕಿಗಳು ಎಚ್ಚರಿಕೆಯ ಕೂಗು ಕೊಟ್ಟು ಸುಮ್ಮನಾಗಿರುತ್ತವೆ. ಹದಿನೈದು ನಿಮಿಷ ಅಲ್ಲಾಡದೆ ಕುಳಿತರೆ ಒಂದೊಂದಾಗಿ ಸದ್ದು ಮರಳುತ್ತದೆ. ತರಗೆಲೆಯಡಿ ಏನೋ ಕೆದಕುತ್ತದೆ, ಕಾಲ ಬಳಿಯ ತೊಗಟೆಯ ಬಿರುಕಿನಿಂದ ಹುಳುವೊಂದು ಮೀಸೆ ಆಡಿಸುತ್ತಾ ಹೊರಬರುತ್ತದೆ. ನಡೆಯುತ್ತಲೇ ಇರುವವರಿಗೆ ಕಾಡು ತೋರಿಸುವುದು ತನ್ನ ಬೆನ್ನನ್ನು ಮಾತ್ರ.

ಇಂಬಳ ಹತ್ತಿದ್ದರೆ ಇಲ್ಲೇ ಗೊತ್ತಾಗುತ್ತದೆ. ಉಪ್ಪು, ಬೆಂಕಿ ಬೇಡ. ಅದರ ಸಪೂರ ತುದಿಯ ಬಾಯಿಯ ಬಳಿ ಚರ್ಮಕ್ಕೆ ತಾಗಿಸಿ ಉಗುರು ಜಾರಿಸಿದರೆ ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ದ್ರವ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಉಣುಗಾದರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆಳೆಯಬೇಕು. ಮುಂದಿನ ವಾರಗಳಲ್ಲಿ ಜ್ವರವೋ ಚರ್ಮದ ಮೇಲೆ ಕಲೆಯೋ ಕಂಡರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನು ಹೇಳಲೇಬೇಕು.

ಎಡವಟ್ಟಾದರೆ

ದಾರಿ ತಪ್ಪಿದೆ ಎನಿಸಿದ ಕೂಡಲೇ ನಿಲ್ಲಿ. ಇನ್ನೂ ಸ್ವಲ್ಪ ಮುಂದೆ ಹೋದರೆ ಸಿಗಬಹುದು ಎಂಬ ಯೋಚನೆಯೇ ಜನರನ್ನು ಆಳಕ್ಕೆ ಒಯ್ಯುವುದು. ಕುಳಿತು ನೀರು ಕುಡಿದು, ಕೊನೆಯದಾಗಿ ಗುರುತು ಕಂಡದ್ದು ಎಲ್ಲಿ ಎಂದು ನೆನಪಿಸಿಕೊಳ್ಳಿ. ಬಂದ ದಾರಿ ಖಚಿತವಿದ್ದರೆ ಅಲ್ಲಿಯವರೆಗೆ ಹಿಂದಿರುಗಿ, ಇಲ್ಲದಿದ್ದರೆ ಇದ್ದಲ್ಲೇ ಇರಿ. ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತು ನಂಬಬೇಡಿ, ಅದಕ್ಕೂ ಮೊದಲು ಜಲಪಾತ ಸಿಗಬಹುದು. ಸೀಟಿ ಈಗ ಉಪಯೋಗಕ್ಕೆ ಬರುತ್ತದೆ: ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಆಲ್ಪ್ಸ್ ಪರ್ವತಗಳಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಬಳಕೆಯಲ್ಲಿರುವ ಸಂಕೇತ ಇದು. ಉತ್ತರ ಅಮೆರಿಕದಲ್ಲಿ ಮೂರು ಸಲ ಊದುವುದು ರೂಢಿ. ತುರ್ತು ಸಂಖ್ಯೆ 112 ಅನೇಕ ದೇಶಗಳಲ್ಲಿ ನಡೆಯುತ್ತದೆ, ಹೋಗುವ ಜಾಗದ ಸಂಖ್ಯೆ ಯಾವುದೆಂದು ಮೊದಲೇ ಬರೆದಿಟ್ಟುಕೊಳ್ಳಿ.

ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರು ದೂರವಿದೆ ಎಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಶಿಖರ, ದಿಣ್ಣೆ, ಒಂಟಿಮರ, ನೀರಿನಿಂದ ದೂರ ಸರಿದು ತಗ್ಗಿಗೆ ಇಳಿಯಿರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಗಡಿಯಾರ ಕೈಕೊಟ್ಟರೆ ಇನ್ನೊಂದು ಉಪಾಯ. ತೋಳು ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಒಂದು ಬೆರಳಿಗೆ ಸುಮಾರು ಕಾಲು ಗಂಟೆ. ಸೂರ್ಯನನ್ನೇ ದಿಟ್ಟಿಸಬೇಡಿ.

ಇಳಿಯುವುದು ಮತ್ತು ಆಮೇಲೆ

ಇಳಿಯಲು ಶುರುಮಾಡುವ ಮೊದಲು ಶೂವಿನ ದಾರ ಪೂರ್ತಿ ಸಡಿಲಿಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಪಾದದ ಕೀಲಿನ ಬಳಿ ಬಿಗಿಯಾಗಿ ಕಟ್ಟಿ. ಬೆರಳುಗಳು ಮುಂದಕ್ಕೆ ಜಾರುವುದಿಲ್ಲ. ಮೊಣಕಾಲು ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ಇಳಿಯುವಾಗ ತೊಡೆಯ ಸ್ನಾಯುಗಳು ಭಾರ ಹೊತ್ತುಕೊಂಡೇ ಹಿಗ್ಗುತ್ತವೆ, ಏರುವುದಕ್ಕಿಂತ ಹೆಚ್ಚು ನೋವು ಬರುವುದು ಅದರಿಂದಲೇ. ನೋವು ಅಂದೇ ಕಾಣಿಸುವುದಿಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ತಾರಕಕ್ಕೇರುತ್ತದೆ. ಮರುದಿನ ರಜೆ ಇರಲಿ ಎಂದದ್ದು ಇದಕ್ಕೇ. ಆ ದಿನ ಮಲಗಿಯೇ ಇರಬೇಡಿ, ನಿಧಾನವಾಗಿ ಓಡಾಡಿದರೆ ಬಿಗಿತ ಸಡಿಲಾಗುತ್ತದೆ.

ಹೊರಬಂದ ಕೂಡಲೇ, ಚಹಾ ಹುಡುಕುವುದಕ್ಕೂ ಮೊದಲು, ಹಿಂದಿನ ರಾತ್ರಿ ಸಂದೇಶ ಕಳುಹಿಸಿದ್ದವರಿಗೆ ತಲುಪಿದ ಸುದ್ದಿ ಕೊಡಿ. ಮನೆಯಲ್ಲಿ ಸ್ನಾನಕ್ಕೆ ಹೋದಾಗ ಮೊಣಕಾಲ ಸಂದು, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ಉಣುಗು ಇದೆಯೇ ನೋಡಿಕೊಳ್ಳಿ. ಶೂವಿನ ಅಡಿಯ ಮಣ್ಣನ್ನು ಬ್ರಷ್‌ನಿಂದ ಕೆರೆದು ತೆಗೆಯಬೇಕು. ಆ ಮಣ್ಣಿನಲ್ಲಿ ಸಿಕ್ಕ ಬೀಜಗಳು ಮುಂದಿನ ಸಲ ಬೇರೊಂದು ಕಾಡಿನಲ್ಲಿ ಉದುರಿ ಅಲ್ಲಿಯದಲ್ಲದ ಕಳೆ ಹಬ್ಬಿಸುತ್ತವೆ. ಒದ್ದೆ ಶೂವಿನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡಿ, ಸುಡುಬಿಸಿಲಿಗಿಟ್ಟರೆ ಅಡಿಯ ಅಂಟು ಬಿಡುತ್ತದೆ.